ಶಿಲೆಗಳ ಸಾಕ್ಷ್ಯ

ಹೆಣ್ಣುಮಕ್ಕಳಿಗೆ ಭೂಗರ್ಭದ ವಿಚಾರಗಳನ್ನು ಇಷ್ಟು ವಿಸ್ತಾರವಾಗಿ ಬೋಧಿಸುವುದು ಏತಕ್ಕೆಂದು ಕೆಲವರು ನಮ್ಮನ್ನು ಕೇಳುವುದುಂಟು. ಕೋಟಿಗಟ್ಟಲೆ ವರ್ಷಗಳ ಲೆಕ್ಕವನ್ನು ಕಲಿತ ತಮ್ಮ ಮಗಳು ಸತ್ಯವೇದದ ಸೃಷ್ಟಿವೃತ್ತಾಂತವನ್ನೇ ಸಂದೇಹಿಸಿಯಾಳೆಂದು ತಂದೆಯೊಬ್ಬರು ಕಳವಳದಿಂದ ನಮ್ಮಲ್ಲಿ ಹೇಳಿದರು. ಮಗಳ ಆತ್ಮದ ಕ್ಷೇಮವನ್ನು ಬಯಸುವವರ ಮಾತು ಹಗುರವಾದುದಲ್ಲ. ಆದಕಾರಣ ನಮ್ಮ ಅಭಿಪ್ರಾಯವನ್ನು ಇಲ್ಲಿ ಅರಿಕೆಮಾಡುತ್ತೇವೆ.

ಇದಕ್ಕಾಗಿ ದೂರ ಹೋಗಬೇಕಾದುದಿಲ್ಲ. ಮಲ್ಪೆಯ ಬಂದರಿನಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ, ಕಡಲ ನಡುವೆ, ಸೈಂಟ್ ಮೇರಿ ದ್ವೀಪಗಳಿವೆ. 1498ರಲ್ಲಿ ವಾಸ್ಕೋ ಡ ಗಾಮನು ಅಲ್ಲಿ ಇಳಿದು ಮಾತೆ ಮರಿಯಳ ಹೆಸರನ್ನಿಟ್ಟನೆಂಬ ಐತಿಹ್ಯವುಂಟು. ನಾವು ನಮ್ಮ ಬಾಲಿಕೆಯರನ್ನು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ದಾಗ, ಒತ್ತೊತ್ತಾಗಿ ನಿಂತ ಕಲ್ಲಿನ ಕಂಬಗಳನ್ನು ಕಂಡು, ಇವನ್ನು ಕಡಿದು ನಿಲ್ಲಿಸಿದ ಕಲ್ಕುಟಿಗರು ಯಾರೆಂದು ಒಬ್ಬಳು ಕೇಳಿದಳು. ಐದು, ಆರು, ಏಳು ಮೂಲೆಗಳುಳ್ಳ ಆ ಕಂಬಗಳನ್ನು ನೋಡಿದವರಿಗೆ ಆ ಪ್ರಶ್ನೆ ಸಹಜವೇ ಸರಿ.

ಉಳಿಯ ಕೆಲಸವಲ್ಲ ಅದು. ಭೂಮಿಯೊಳಗಿನಿಂದ ಉಕ್ಕಿಬಂದ ಶಿಲಾರಸವು ಆರುತ್ತಾ ಕುಗ್ಗಿ, ಬತ್ತಿದ ಕೆರೆಯ ಕೆಸರು ಬಿರಿಯುವಂತೆ ಬಿರಿದು, ಆ ಬಿರುಕುಗಳು ಮೇಲಿನಿಂದ ಒಳಕ್ಕೆ ಇಳಿದುದರಿಂದ ಕಂಬಗಳಾದುವು. ಶಿಲೆಯೊಳಗಿನ ವಿಕಿರಣಶೀಲ ಧಾತುಗಳು ನಿಯಮಿತವಾದ ವೇಗದಿಂದ ಬೇರೆ ಧಾತುಗಳಾಗುತ್ತವೆ. ಅದನ್ನು ಅಳೆದ ವಿದ್ವಾಂಸರು ಈ ಕಲ್ಲಿಗೆ ಸುಮಾರು 8.5ರಿಂದ 9 ಕೋಟಿ ವರ್ಷ ವಯಸ್ಸೆಂದು ನಿರ್ಣಯಿಸಿದ್ದಾರೆ. ಆಗ ನಮ್ಮ ಪಡುವಣ ಕರಾವಳಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಡತೊಡಗಿತ್ತು. ಅದೇ ಕಾಲದ ಅಗ್ನಿಶಿಲೆಗಳು ಆ ದ್ವೀಪದಲ್ಲಿಯೂ ಇವೆ. ಅಗಲಿದ ಸಹೋದರಿಯರಿಬ್ಬರ ಬಳಿ ಒಂದೇ ಒಡವೆಯ ಎರಡು ತುಂಡುಗಳು ಉಳಿದಂತೆ!

ಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗನರನು 1912ರಲ್ಲಿ ಸಾರಿದಾಗ ಹಲವು ಪಂಡಿತರು ನಂಬಲಿಲ್ಲ. ಅವನು 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಮಡಿದನು. ಕಡಲ ತಳವನ್ನು ಪರಿಶೋಧಿಸಿದ ಮೇಲೆ, 1960ರ ದಶಕದಲ್ಲಿ, ಭೂಮಿಯ ಹೊರಪದರವು ದೊಡ್ಡ ಫಲಕಗಳಾಗಿ ಒಡೆದು ಚಲಿಸುತ್ತಿದೆಯೆಂಬ ತತ್ತ್ವವು ಸ್ಥಿರಪಟ್ಟಿತು. ಭಾರತದ ಫಲಕವು ಬಡಗಣಕ್ಕೆ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಖಂಡಕ್ಕೆ ತಾಗಿದುದರಿಂದ ಹಿಮಾಲಯವು ಎದ್ದಿತು. ಇಂದಿಗೂ ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರು ಸರಿಯುತ್ತಿದೆ. ಹೈಸ್ಕೂಲಿನ ಮೂರು ವರ್ಷಗಳಲ್ಲಿ ಅಡಿಪಟ್ಟಿಯ ಅರ್ಧದಷ್ಟು! ಇಪ್ಪತ್ತು ವರ್ಷಗಳ ಹಿಂದೆ ನಮ್ಮನ್ನು ಬಿಟ್ಟುಹೋದ ಪೂರ್ವ ವಿದ್ಯಾರ್ಥಿನಿಯರು ಮರಳಿ ಬಂದರೆ, ಶಾಲೆಯು ಸುಮಾರು ಒಂದು ಮೀಟರು ಸರಿದಿರುವುದು.

ಇದಕ್ಕೆಲ್ಲ ಬೇಕಾದ ಶಕ್ತಿ ಎಲ್ಲಿಯದು? ಭೂಮಿಯು ರೂಪುಗೊಂಡಾಗ ಉಳಿದ ಕಾವೂ ಒಳಗಿನ ವಿಕಿರಣಶೀಲ ಧಾತುಗಳ ಕಾವೂ ಸೇರಿ ಆಳದ ಶಿಲೆಯನ್ನು ನಿಧಾನವಾಗಿ ಚಲಿಸುವಂತೆ ಮಾಡುತ್ತವೆ. ಮೇಲ್ಮೈಯ ಕೆಲಸವನ್ನು ಸೂರ್ಯನ ಶಕ್ತಿಯು ನಡೆಸುತ್ತದೆ. ನಾವು ಗೋಡೆಗೆ ಇಡುವ ಮುರಕಲ್ಲು, ಹಳೆಯ ಬಂಡೆಯು ಬಿಸಿಲು ಮಳೆಗಳಿಂದ ಸವೆದು ಆದುದೇ.

ಇನ್ನು ಆ ತಂದೆಯವರಿಗೆ ನಮ್ಮ ಉತ್ತರ. ಸೃಷ್ಟಿಕರ್ತನು ಯಾರೆಂಬುದನ್ನು ಸತ್ಯವೇದವು ತಿಳಿಸುತ್ತದೆ. ಆತನ ಕಾರ್ಯವು ಹೇಗೆ ನಡೆಯಿತೆಂಬುದಕ್ಕೆ ಶಿಲೆಗಳು ಸಾಕ್ಷಿ ನುಡಿಯುತ್ತವೆ. ಆ ಸಾಕ್ಷ್ಯವನ್ನು ನಾವು ಮುಚ್ಚಿಟ್ಟರೆ, ಹುಡುಗಿಯು ನಾಳೆ ಕಾಲೇಜಿನಲ್ಲಿ ಅದನ್ನು ಪರರ ಬಾಯಿಂದ ಕೇಳುವಳು. ಆಗ ಅವಳು ನಮ್ಮ ಭೂಗೋಳಪಾಠವನ್ನು ಮಾತ್ರವಲ್ಲ, ನಾವು ಕಲಿಸಿದ ಪ್ರಾರ್ಥನೆಯನ್ನೂ ಸಂದೇಹಿಸುವಳು. ಸತ್ಯಕ್ಕೆ ಹೆದರುವ ಭಕ್ತಿಯು ಗಟ್ಟಿಯಾದುದಲ್ಲ. ತಂದೆಯವರು ಇದನ್ನು ಕೇಳಿ ಕೂಡಲೆ ಒಪ್ಪಲಿಲ್ಲ; ಆದರೂ ಮಗಳನ್ನು ದೋಣಿಯಲ್ಲಿ ಕಳುಹಿಸಿಕೊಟ್ಟರು. ಅದಕ್ಕಾಗಿ ನಾವು ಕೃತಜ್ಞರು.

ಪೋಷಕರೇ, ಮಕ್ಕಳನ್ನು ಆ ದ್ವೀಪಕ್ಕೆ ಕರೆದೊಯ್ಯಿರಿ. ರಾಷ್ಟ್ರದ ಭೂವೈಜ್ಞಾನಿಕ ಸ್ಮಾರಕವಾದ ಅಲ್ಲಿಂದ ಒಂದು ಚೂರನ್ನಾದರೂ ಒಡೆದು ತರಗೊಡದಿರಿ. ಅವರು ಕೇಳುವ ಪ್ರಶ್ನೆಗಳನ್ನು ಮಾತ್ರ ಜೋಪಾನವಾಗಿ ಮನೆಗೆ ತನ್ನಿರಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.