ಚೈತ್ರದ ಕೊಡಚಾದ್ರಿ, ಪುಷ್ಯದ ಕೊಡಚಾದ್ರಿ

ಭದ್ರಾವತಿಯಲ್ಲಿ ಬೆಳೆದವರಿಗೆ ಬೆಟ್ಟ ಅಂದರೆ ಮೊದಲು ಬಾಯಿಗೆ ಬರುವ ಹೆಸರು ಕೆಮ್ಮಣ್ಣುಗುಂಡಿ. ನಮ್ಮೂರ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಅಲ್ಲಿಂದ. ಗುಡ್ಡದ ತಲೆಯಿಂದ ರೋಪ್‌ವೇ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿ ಹಿಡಿದು ಊರಿಗೆ ಬರುತ್ತಿದ್ದ ಕೆಂಪು ಕಲ್ಲಿನ ಕತೆಯನ್ನು ಕಾರ್ಖಾನೆಯಲ್ಲಿ ದುಡಿದ ಹಿರಿಯರು ಬೇಸರವಿಲ್ಲದೆ ಹೇಳುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆಂದು ಬಂದು ತಂಗುತ್ತಿದ್ದ ಜಾಗ ಅದು. ಗುಲಾಬಿ ತೋಟವಿದೆ, ಗೆಸ್ಟ್‌ಹೌಸ್ ಇದೆ, ಬಾಗಿಲ ತನಕ ವಾಹನ ಹೋಗುತ್ತದೆ. ಚೆಂದದ ಜಾಗ, ಎರಡು ಮಾತಿಲ್ಲ.

ಆದರೆ ನನ್ನ ಮನಸ್ಸು ಕಚ್ಚಿಕೊಂಡದ್ದು ಇನ್ನೊಂದು ಬೆಟ್ಟದ ಮನೆಯನ್ನು. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಇರುವ ಭಟ್ಟರ ಮನೆ. ಅದು ಲಾಡ್ಜಲ್ಲ, ಹೋಂಸ್ಟೇ ಅನ್ನುವ ಮಾತು ನಮ್ಮ ಕಡೆ ಚಾಲ್ತಿಗೆ ಬರುವ ಮೊದಲಿನ ಮನೆ. ದೇವರ ಪೂಜೆಗೆಂದು ಬೆಟ್ಟದ ಮೇಲೆ ನಿಂತ ಸಂಸಾರ. ಹತ್ತಿ ಬಂದವರಿಗೆ ಅನ್ನ ಹಾಕಿ, ಮಲಗಲು ಚಾಪೆ ಕೊಟ್ಟು ಕಳಿಸುವುದು ಆ ಪೂಜೆಯ ಬೆನ್ನಿಗೇ ಬಂದ ಕೆಲಸ.

ಶಿವಮೊಗ್ಗದಲ್ಲಿ ಬಸ್ಸು ಹತ್ತಿದರೆ ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ, ಸಂಪೇಕಟ್ಟೆ ದಾಟಿ ನಿಟ್ಟೂರು. ಅಲ್ಲಿಂದ ಮುಂದೆ ನನಗೆ ಕಾಲೇ ಗತಿ. ಹಿಡ್ಲುಮನೆ ಜಲಪಾತದ ಬಂಡೆಗಳನ್ನು ಹತ್ತಿ ಕಾಡಿನಿಂದ ಹೊರಬಿದ್ದಾಗ ಹುಲ್ಲಿನ ಬೋಳುಗುಡ್ಡ ಎದುರಾಗುತ್ತದೆ. ನಾನು ಈ ದಾರಿಯನ್ನು ಏಪ್ರಿಲ್‌ನಲ್ಲೂ ನಡೆದಿದ್ದೇನೆ, ಜನವರಿಯಲ್ಲೂ ನಡೆದಿದ್ದೇನೆ. ಬೆಟ್ಟ ಒಂದೇ, ಮನೆ ಒಂದೇ. ಅಲ್ಲಿ ಬದುಕುವ ಕ್ರಮ ಮಾತ್ರ ಎರಡು.

ಬೇಸಿಗೆಯಲ್ಲಿ ಆ ಮನೆ ನೀರಿನ ಲೆಕ್ಕದಲ್ಲಿ ನಡೆಯುತ್ತದೆ. ಹುಲಿಕಲ್ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಸೀಮೆ ಇದು. ಇಲ್ಲಿ ನೀರಿಗೆ ಬರವೇ ಎಂದು ಬಯಲುಸೀಮೆಯವರು ಕೇಳುತ್ತಾರೆ. ಕಡಿದಾದ ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಹೊಳೆ ಸೇರಿ ಹೋಗಿಬಿಡುತ್ತದೆ. ಕಣಿವೆಯ ಸಂದಿನಲ್ಲಿ ಉಳಿದ ಶೋಲಾ ಕಾಡು ಬೇರಿನಲ್ಲಿ ಹಿಡಿದಿಟ್ಟುಕೊಂಡದ್ದಷ್ಟೇ ಮುಂದಿನ ಮಳೆಯ ತನಕ ಒಸರಬೇಕು. ಯುಗಾದಿ ಕಳೆಯುವ ಹೊತ್ತಿಗೆ ಅಬ್ಬಿ ನೀರು ಹುರಿದಾರದಷ್ಟು ಸಣ್ಣಗಾಗಿರುತ್ತದೆ. ಒಮ್ಮೆ ಜಗಲಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಮನೆಯ ಅಮ್ಮ ಒಳಗಿಂದಲೇ ಕೇಳಿದರು: "ಆಸ್ರಿಗೆ ಎಂತ ಕೊಡ್ಲಿ? ಮಜ್ಜಿಗೆ ಉಂಟು." ಮಜ್ಜಿಗೆ ಕುಡಿದು ಲೋಟ ತೊಳೆಯಲು ಬಚ್ಚಲಿಗೆ ಹೋದೆ. ಹಂಡೆಯ ಪಕ್ಕ ಎರಡು ಕೊಡಪಾನ, ಒಂದರ ಬಾಯಿಗೆ ಬಟ್ಟೆ ಕಟ್ಟಿತ್ತು. ಅದು ದೇವರಿಗೆ. ಇನ್ನೊಂದರಿಂದ ಅವರು ಅರ್ಧ ಚೊಂಬು ಬಗ್ಗಿಸಿಕೊಟ್ಟರು. ಲೋಟ ತೊಳೆದ ನೀರು ದಬ್ಬೆಯ ತುಂಡಿನಲ್ಲಿ ಹರಿದು ಹಿತ್ತಿಲ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತಿತ್ತು. ಚೆಲ್ಲಿದ್ದು ಒಂದು ಹನಿಯೂ ಇಲ್ಲ. "ಊರಲ್ಲಿ ಹ್ಯಾಂಗೋ ಏನೋ, ಇಲ್ಲಿ ನೋಡಿ ಖರ್ಚು ಮಾಡ್ಬೇಕು ಮಾರಾಯ್ರೆ" ಎಂದು ಭಟ್ಟರು ಹೇಳಿದಾಗ ಅದರಲ್ಲಿ ದೂರು ಇರಲಿಲ್ಲ.

ಸೆಖೆಗೆ ಹೆದರಿ ಬಂದವನಿಗೆ ಬೆಟ್ಟ ಮೋಸ ಮಾಡುವುದಿಲ್ಲ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರು ಡಿಗ್ರಿ ಉಷ್ಣ ಇಳಿಯುತ್ತದೆ. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಬಂದರೆ ಶಿವಮೊಗ್ಗದ ಬಿಸಿಲಿಗಿಂತ ನಾಲ್ಕೈದು ಡಿಗ್ರಿ ಕಡಿಮೆ. ಮಧ್ಯಾಹ್ನ ಕಳೆದ ಮೇಲೆ ಪಡುವಣ ಗಾಳಿ ಘಟ್ಟ ಹತ್ತಿ ಬಂದು ಜಗಲಿಯ ಮೇಲೆ ಆಡುತ್ತದೆ. ಊಟಕ್ಕೆ ಅನ್ನ, ತಿಳಿಸಾರು, ಆ ವರ್ಷದ್ದೇ ಅಪ್ಪೆಮಿಡಿ. ಉಪ್ಪಿನಲ್ಲಿ ಇನ್ನೂ ಸುಕ್ಕುಗಟ್ಟುತ್ತಿದ್ದ ಮಿಡಿಯ ಸೊನೆಯ ಪರಿಮಳ ಕೈಗೆ ಅಂಟಿ ರಾತ್ರಿಯೆಲ್ಲ ಉಳಿದಿತ್ತು. ಇಷ್ಟೆಲ್ಲ ಇದ್ದರೂ ಬೇಸಿಗೆಯ ಸೂರ್ಯಾಸ್ತ ಮಾತ್ರ ಮಬ್ಬು. ಧೂಳಿನ, ಹೊಗೆಯ ಪರದೆಯೊಳಗೆ ಸೂರ್ಯ ದಿಗಂತ ಮುಟ್ಟುವ ಮೊದಲೇ ಕಾಣೆಯಾಗುತ್ತಾನೆ. ಒಣಗಿದ ಗುಡ್ಡಕ್ಕೆ ಬೆಂಕಿ ಬಿದ್ದೀತೆಂಬ ಅಂಜಿಕೆ ಮನೆಯವರಿಗೆ ಸದಾ ಇರುತ್ತದೆ. ಎಲ್ಲಾದರೂ ಹೊಗೆ ಕಂಡರೆ ಊಟ ಬಿಟ್ಟು ಎದ್ದು ಹೋಗಿ ನೋಡುತ್ತಾರೆ.

ಚಳಿಗಾಲದಲ್ಲಿ ಆ ಮನೆಯ ಬದುಕು ಒಲೆಯ ಸುತ್ತ ಬಂದು ಕೂರುತ್ತದೆ. ಗಾಳಿ ದಿಕ್ಕು ಬದಲಿಸಿ ಮೂಡಲಿಂದ ಬೀಸುತ್ತದೆ, ಹಂಚಿನ ಸಂದಿಗೆ ನುಗ್ಗಿ ಶಿಳ್ಳೆ ಹಾಕುತ್ತದೆ. ಬೇಸಿಗೆಯಲ್ಲಿ ಜಗಲಿಯೇ ಮನೆ, ಚಳಿಗಾಲದಲ್ಲಿ ಬಚ್ಚಲೊಲೆಯ ಮುಂದಿನ ಆರಡಿ ಜಾಗವೇ ಮನೆ. ಆಗ ನೀರಿಗೆ ಬರವಿಲ್ಲ, ಹಂಡೆ ತುಂಬ ಕಾಯುತ್ತಿರುತ್ತದೆ. ಬರ ಇರುವುದು ಒಣಸೌದೆಗೆ. ಮಳೆಗಾಲ ಪೂರ್ತಿ ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿಸಿಟ್ಟ ಕುಂಟೆಗಳನ್ನು ನೋಡಿ ನೋಡಿ ಒಲೆಗೆ ಒಡ್ಡುತ್ತಾರೆ. ಭರಣಿಯ ತಳದಲ್ಲಿ ಉಳಿದ ಹಳೆ ಮಿಡಿ ಮೆತ್ತಗಾಗಿ, ಖಾರ ಹೀರಿ, ಕಪ್ಪಾಗಿರುತ್ತದೆ. ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆ ಬೇರೆ ಬೇಡ.

ಬೆಳಗಿನ ಜಾವ ಸರ್ವಜ್ಞ ಪೀಠದ ಕಲ್ಲು ಮಂಟಪದ ತನಕ ಹೋದರೆ ಕೆಳಗಿನ ಕಣಿವೆಗಳೆಲ್ಲ ಮಂಜಿನಲ್ಲಿ ಮುಳುಗಿರುತ್ತವೆ, ಗುಡ್ಡದ ತಲೆಗಳಷ್ಟೇ ಮೇಲೆ. ರಾತ್ರಿ ತಣ್ಣಗಾದ ಭಾರದ ಗಾಳಿ ಇಳಿಜಾರು ಹಿಡಿದು ಕಣಿವೆಯಲ್ಲಿ ಹೋಗಿ ಕೂರುವುದರಿಂದ ಒಮ್ಮೊಮ್ಮೆ ನೆತ್ತಿಗಿಂತ ತಗ್ಗಿನ ತೋಟಗಳಲ್ಲೇ ಚಳಿ ಹೆಚ್ಚು. ಸಂಜೆ ಆಕಾಶ ತಿಳಿಯಾಗಿದ್ದರೆ ಪಡುವಣದಲ್ಲಿ ಅರಬ್ಬೀ ಸಮುದ್ರ ಬೆಳ್ಳನೆ ಗೆರೆಯಾಗಿ ಕಾಣುತ್ತದೆ. ಶಂಕರಾಚಾರ್ಯರು ಇಲ್ಲಿ ಧ್ಯಾನಕ್ಕೆ ಕುಳಿತಿದ್ದರೆಂದು ಜನ ನಂಬುತ್ತಾರೆ. ಪುಷ್ಯದ ಬೆಳಗನ್ನು ಅಲ್ಲಿ ಕಂಡವರು ಆ ನಂಬಿಕೆಯನ್ನು ಅಲ್ಲಗಳೆಯಲಾರರು.

ಗುಡಿಯ ಮುಂದೆ ನೆಟ್ಟ ಕಬ್ಬಿಣದ ಕಂಬದ ಮಾತನ್ನು ಭದ್ರಾವತಿಯವನಾಗಿ ಬಿಡಲಾರೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲವೇ ಇದು ಎನ್ನುತ್ತದೆ ಸ್ಥಳದ ಐತಿಹ್ಯ. ಹಳೆಯ ಕಾಲದ ಕುಲುಮೆಯಲ್ಲಿ ಕಾಸಿ ಬಡಿದು ಮಾಡಿದ ಕಬ್ಬಿಣ ಎನ್ನುತ್ತಾರೆ ಅದನ್ನು ಪರೀಕ್ಷಿಸಿದ ಲೋಹತಜ್ಞರು. ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಹೊಂದಿಸಿಕೊಂಡ ಊರಿನವನು ನಾನು. ಏಪ್ರಿಲ್‌ನಲ್ಲಿ ಆ ಕಂಬ ಮುಟ್ಟಿದರೆ ಅಂಗೈ ಸುಡುತ್ತದೆ, ಜನವರಿಯ ಮುಂಜಾವಿಗೆ ಇಬ್ಬನಿ ಹನಿಗಟ್ಟಿ ಅದರ ಮೈಮೇಲೆ ಇಳಿಯುತ್ತಿರುತ್ತದೆ. ಇಷ್ಟು ಮಳೆಯ ನಾಡಿನಲ್ಲಿ ಅದು ತುಕ್ಕು ತಿಂದು ಹೋಗದೆ ನಿಂತಿರುವುದನ್ನು ನೋಡಿದಾಗಲೆಲ್ಲ, ಹೆಸರೇ ಉಳಿಯದ ಆ ಕಮ್ಮಾರರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಯುರೋಪಿನಲ್ಲಿ ಬೆಟ್ಟ ಹತ್ತುವವರಿಗೆಂದೇ ಮನೆ ಕಟ್ಟುವ ಪದ್ಧತಿ ಇದೆ. ಸ್ವಿಸ್ ಆಲ್ಪೈನ್ ಕ್ಲಬ್ 1863ರಲ್ಲಿ ಹುಟ್ಟಿದ ವರ್ಷವೇ ಟೋಡಿ ಪರ್ವತದ ಮಗ್ಗುಲಲ್ಲಿ ತನ್ನ ಮೊದಲ ಗುಡಿಸಲು ಎಬ್ಬಿಸಿತು. ಅಂಥ ಎಷ್ಟೋ ಮನೆಗಳಲ್ಲಿ ಬೇಸಿಗೆಗೆ ನೋಡಿಕೊಳ್ಳುವವರು ಇರುತ್ತಾರೆ. ಹಿಮ ಬಿದ್ದ ಮೇಲೆ ಅವರು ಕೆಳಗಿಳಿಯುತ್ತಾರೆ. ಒಂದು ಕೋಣೆಯನ್ನು ಮಾತ್ರ ಬೀಗ ಹಾಕದೆ, ಒಲೆ, ಸೌದೆ, ಕಂಬಳಿ ಇಟ್ಟು ಹೋಗುತ್ತಾರೆ. ತಂಗಿದವರು ದುಡ್ಡನ್ನು ಡಬ್ಬಿಗೆ ಹಾಕಿ, ನೆಲ ಗುಡಿಸಿ, ಬಾಗಿಲೆಳೆದು ಹೊರಡಬೇಕು. ಬಹಳ ಒಳ್ಳೆಯ ಪದ್ಧತಿ. ಕೊಡಚಾದ್ರಿಯ ಮನೆಯ ರೀತಿ ಬೇರೆ. ಅಲ್ಲಿ ದೇವರಿಗೆ ದೀಪ ಹಚ್ಚಬೇಕಾದ್ದರಿಂದ ಮನೆಯವರು ಇರುತ್ತಾರೆ. ಇಂಬಳಕ್ಕೆ ಹೆದರಿ ನಾವ್ಯಾರೂ ಅತ್ತ ತಲೆ ಹಾಕದ ಆಷಾಢದಲ್ಲೂ ಆ ಹಂಚಿನಡಿ ಹೊಗೆ ಏಳುತ್ತದೆ. ನಮಗೆ ಸಿಕ್ಕುವ ಚೊಂಬು ನೀರು, ಒಲೆ ಮುಂದಿನ ಜಾಗ ಅವರು ತಮ್ಮ ಪಾಲಿನಿಂದ ತೆಗೆದುಕೊಟ್ಟದ್ದು. ದುಡ್ಡು ಕೊಟ್ಟೆವು ಅಂದಮಾತ್ರಕ್ಕೆ ಆ ಋಣ ಚುಕ್ತಾ ಆಗುವುದಿಲ್ಲ.

ಈಗ ಜೀಪುಗಳು ಸಾಲುಗಟ್ಟಿ ಹತ್ತುತ್ತವೆ. ನಡೆಯಲಾಗದ ಮುದುಕರು ದೇವಿಯ ದರ್ಶನ ಮಾಡುತ್ತಾರಲ್ಲ, ಅದು ಸಂತೋಷದ ವಿಷಯ. ನಡೆಯಬಲ್ಲವರೂ ಜೀಪಿನಲ್ಲಿ ಬಂದು, ಫೋಟೊ ಹಿಡಿದು, ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ ಹುಲ್ಲಿಗೆಸೆದು ಇಳಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೂಕಾಂಬಿಕಾ ಅಭಯಾರಣ್ಯದ ಕಾಡು ಅದು. ಆ ಪ್ಲಾಸ್ಟಿಕ್ಕು ಮೊದಲ ಮಳೆಗೆ ಕೊಚ್ಚಿಹೋಗಿ ಸೇರುವುದು ಕೆಳಗಿನವರು ಕುಡಿಯುವ ಹಳ್ಳವನ್ನೇ.

ಶಿವಮೊಗ್ಗ, ಭದ್ರಾವತಿಯ ಹುಡುಗರಿಗೆ, ಹುಡುಗಿಯರಿಗೆ ನನ್ನದೊಂದು ಮಾತು. ಅರಣ್ಯ ಇಲಾಖೆಯ ಅಪ್ಪಣೆ ವಿಚಾರಿಸಿಕೊಂಡು, ನಿಟ್ಟೂರಿನಿಂದ ನಡೆದೇ ಹತ್ತಿ. ಚಳಿಗಾಲದಲ್ಲಿ ನೋಡಿದವರು ಬೇಸಿಗೆಯಲ್ಲೂ ಬನ್ನಿ, ಬೇಸಿಗೆಯಲ್ಲಿ ನೋಡಿದವರು ಚಳಿಗೂ ಬನ್ನಿ. ಒಯ್ದ ಕಸ ನಿಮ್ಮ ಚೀಲದಲ್ಲೇ ವಾಪಸು ಇಳಿಯಲಿ. ಬೇಸಿಗೆಯಲ್ಲಿ ಹೋದಾಗ ಸ್ನಾನಕ್ಕೆ ನೀರು ಕೇಳಬೇಡಿ, ಗುಡ್ಡದ ಮೇಲೆ ಬೆಂಕಿಕಡ್ಡಿ ಗೀರಬೇಡಿ.