ತೆಂಗಿನೆಣ್ಣೆಯೂ ರೇಸಿನ ತಂತಿಯೂ

ಕಳೆದ ಗುರುವಾರ ಬೆಳಗ್ಗೆ, ನಾನಿನ್ನೂ ಕಾಫಿಯ ಮೊದಲ ಲೋಟವನ್ನು ಮುಗಿಸದೆ ಪತ್ರಿಕೆಯ ಮೇಲೆ ಕಣ್ಣಾಡಿಸುತ್ತಿದ್ದಾಗ, ಚೆಂಬೂರಿನ ನಮ್ಮ ಕಟ್ಟಡದ ಕೆಳಗೆ ನೀರಿನ ಡಬ್ಬಗಳನ್ನು ಇಳಿಸಲು ಬಂದು ನಿಂತಿದ್ದ ಹಳೆಯ ಟೆಂಪೋ ಒಂದು, ಯಾರೂ ಕೆಣಕದಿದ್ದರೂ, ಮದವೇರಿದ ಆನೆಯಂತೆ ಘೀಳಿಡತೊಡಗಿತು. ಕಾವಲುಗಾರ, ಹಾಲಿನವ, ಇಸ್ತ್ರಿಯವ, ಮೂವರೂ ಮೂರು ಭಾಷೆಗಳಲ್ಲಿ ಸಲಹೆ ಕೊಡುತ್ತ ಮೂರು ಹೆಜ್ಜೆ ಹಿಂದಕ್ಕೆ ಸರಿದರು. ಚಾಲಕ ಹುಡುಗ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ರೇಸ್ ಅಟಕ್ ಗಯಾ!" ಎಂದು ಕೂಗಿದ. ಆ ಕೂಗು ನನ್ನ ಕಿವಿಗೆ ಬಿದ್ದದ್ದೇ ತಡ, ಕಾಫಿ ಮೇಜಿನ ಮೇಲೆ ಆರುತ್ತ ಉಳಿಯಿತು. ನಾನು ನಲವತ್ತು ಚಿಲ್ಲರೆ ವರ್ಷಗಳಷ್ಟು ಹಿಂದಕ್ಕೆ ಹೋಗಿ, ಕುರ್ಲಾದ ಒಂದು ರಸ್ತೆಯ ಅಂಚಿನಲ್ಲಿ, ವಿಶ್ವೇಶ್ವರಯ್ಯನವರ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟೆ.

ನಿಘಂಟುಕಾರರು ಆಕ್ಸಿಲರೇಟರನ್ನು ವೇಗವರ್ಧಕವೆಂದು ಕರೆದಿದ್ದಾರೆ. ಶಬ್ದ ಸುಂದರವಾಗಿಯೇ ಇದೆ; ಆದರೆ ಆ ಶಬ್ದವನ್ನು ಕಾಲಿನಿಂದ ತುಳಿದವರನ್ನು ನಾನು ಕಂಡಿಲ್ಲ. ನಮ್ಮ ಮುಂಬಯಿಯಲ್ಲಿ ಅದು ರೇಸು. ರೇಸು ಕೊಡುತ್ತಾರೆ, ರೇಸು ಬಿಡುತ್ತಾರೆ, ದೈವ ಪ್ರತಿಕೂಲವಾದ ದಿನ ರೇಸು ಸಿಕ್ಕಿಕೊಳ್ಳುತ್ತದೆ. ನನ್ನ ಸೋದರಮಾವನೊಬ್ಬನು ಮಾತ್ರ, ಈ ನಗರದ ಅಂಗಡಿಗಳಲ್ಲಿ ಚಲಿಸುವ ಮೆಟ್ಟಿಲುಗಳು ಬರುವುದಕ್ಕೆ ಬಹುಕಾಲ ಮುಂಚೆಯೇ, ಅದನ್ನು 'ಎಸ್ಕಲೇಟರು' ಎಂದು ಗೌರವಪೂರ್ವಕವಾಗಿ ಸಂಬೋಧಿಸುತ್ತಿದ್ದನು.

ಮಾವಯ್ಯ ಕುಂದಾಪುರದ ಕಡೆಯವನು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೊಂಬಾಯಿಗೆ ಬಂದು, ಕೋಟೆಯ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕುಳಿತು ಅಕ್ಷರ ಕಲಿತವನು. ಮುಂದೆ ಚೆಂಬೂರಿನಲ್ಲಿ ಸಣ್ಣದೊಂದು ಊಟದ ಮನೆಯನ್ನು ತೆರೆದು, ಮದುವೆ ಮುಂಜಿಗಳಿಗೆ ಅಡಿಗೆ ಮಾಡಿ ಕಳುಹಿಸುವ ಮಟ್ಟಿಗೆ ಬೆಳೆದಿದ್ದನು. ಪಾತ್ರೆಗಳನ್ನು ಸಾಗಿಸುವುದಕ್ಕೂ, ಕತ್ತಲಿರುವಾಗಲೇ ಬೈಕಳದ ಮಾರುಕಟ್ಟೆಯಿಂದ ತರಕಾರಿ ತರುವುದಕ್ಕೂ ಅವನು ಹಿಂದುಗಡೆ ತೆರೆದ ಒಂದು ಹಳೆಯ ಪೆಟ್ರೋಲ್ ಗಾಡಿಯನ್ನು ಇಟ್ಟುಕೊಂಡಿದ್ದನು. ಆ ಗಾಡಿಯ ಕುಲಗೋತ್ರವನ್ನು ನಾನಿಲ್ಲಿ ಹೇಳುವುದಿಲ್ಲ. ಮುಂದೆ ನಡೆದುದರಲ್ಲಿ ಅದನ್ನು ಮಾಡಿದವರ ಅಪರಾಧವೇನೂ ಇರಲಿಲ್ಲವೆಂಬುದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

ಮಾವಯ್ಯನಿಗೆ ಜೀವನದಲ್ಲಿ ಎರಡೇ ಅಚಲವಾದ ನಂಬಿಕೆಗಳು. ಒಂದು ಊರಿನ ತೆಂಗಿನೆಣ್ಣೆ. ಇನ್ನೊಂದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ವರ್ಷಕ್ಕೊಮ್ಮೆ ಊರಿನಿಂದ ಬರುತ್ತಿದ್ದ ಎಣ್ಣೆಯ ಡಬ್ಬಿ ತಲೆಗೂ ಆಗಬೇಕು, ಸುಟ್ಟ ಗಾಯಕ್ಕೂ ಆಗಬೇಕು, ಕಿರುಗುಟ್ಟುವ ಬಾಗಿಲಿಗೂ, ಅತ್ತೆಯ ಹೊಲಿಗೆಯಂತ್ರಕ್ಕೂ, ಕೊನೆಗೆ ಗಾಡಿಗೂ ಆಗಬೇಕು. ವಿಶ್ವೇಶ್ವರಯ್ಯನವರ ವಿಷಯದಲ್ಲಂತೂ ಅವನ ಅಭಿಮಾನಕ್ಕೆ ಸ್ವಂತದ್ದೇ ಒಂದು ಕಾರಣವಿತ್ತು. ಮೈಸೂರಿಗೆಲ್ಲ ದಿವಾನರಾಗುವುದಕ್ಕೆ ಬಹಳ ಮುನ್ನ, 1884ರಲ್ಲಿ, ಅವರು ಉದ್ಯೋಗವನ್ನು ಹಿಡಿದದ್ದು ಬೊಂಬಾಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ. "ಅವ್ರೂ ನಮ್ಮಂಗೇ ಬೊಂಬಾಯಿ ಅನ್ನ ಉಂಡವ್ರ್" ಎಂದು ಹೇಳುವಾಗ, ಅವರಿಬ್ಬರೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದವರೆಂಬ ಭಾವ ಮಾವಯ್ಯನ ಮುಖದಲ್ಲಿ ಮೂಡುತ್ತಿತ್ತು.

1980ರ ದಶಕದ ಒಂದು ಸೆಪ್ಟೆಂಬರ್ 15. ಮಾಹಿಮಿನ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದಲ್ಲಿ ನಮ್ಮ ಬಳಗದವರದೊಂದು ಚಿಕ್ಕ ಜಯಂತಿ, ಊಟ ಮಾವಯ್ಯನದು. ಗಾಡಿಯ ಹಿಂದೆ ಚಿತ್ರಾನ್ನ, ಹುಳಿ, ಕಡಲೆಬೇಳೆಯ ಪಾಯಸ. ಮುಂದೆ ಮೂರು ತಿಂಗಳ ಹಿಂದಷ್ಟೇ ಲೈಸೆನ್ಸು ಪಡೆದು ಚಕ್ರ ಹಿಡಿದ ನಾನು. ಪಕ್ಕದಲ್ಲಿ, ಆಗತಾನೆ ಕುರ್ಲಾದ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿದ್ದ ದೊಡ್ಡ ಪಟವನ್ನು ಮಗುವಿನಂತೆ ಅಪ್ಪಿಕೊಂಡು ಮಾವಯ್ಯ. ಹನಿಮಳೆ. ಹಳೆಯ ಆಗ್ರಾ ರಸ್ತೆಯಲ್ಲಿ, ಎದುರಿಗಿದ್ದ ಕೈಗಾಡಿಯೊಂದನ್ನು ದಾಟುವುದಕ್ಕಾಗಿ ನಾನು ರೇಸನ್ನು ತುಸು ಗಟ್ಟಿಯಾಗಿಯೇ ಒತ್ತಿ, ದಾಟಿದ ಮೇಲೆ ಕಾಲೆತ್ತಿದೆ. ನನ್ನ ಕಾಲು ಮೇಲೆ ಬಂತು, ರೇಸು ಬರಲಿಲ್ಲ.

"ಹ್ವಾಯ್, ಕಾಲ್ ತೆಗಿ ಮಾಣಿ!"

"ತೆಗ್ದೆ ಮಾವಯ್ಯ, ಅದೇ ಮೇಲ್ ಬತ್ತಿಲ್ಲೆ!"

ಕ್ಲಚ್ಚನ್ನು ತುಳಿದೆ. ಚಕ್ರಗಳ ಹಂಗು ತಪ್ಪಿದ ಎಂಜಿನ್ನು ಇನ್ನೂ ಎತ್ತರದ ಸ್ಥಾಯಿಗೆ ಏರಿ ಕಿರುಚತೊಡಗಿತು. ಗೇರನ್ನು ನ್ಯೂಟ್ರಲ್ಲಿಗೆ ತಂದು ಬ್ರೇಕನ್ನು ಒತ್ತಿದೆ. ಅಷ್ಟರಲ್ಲಿ ಮಾವಯ್ಯ ಪಟವನ್ನು ಒಂದು ಕೈಯಿಂದ ಬಿಡದೆ ಇನ್ನೊಂದು ಕೈಯನ್ನು ಚಾಚಿ ಕೀಲಿಯನ್ನು ತಿರುಗಿಸಿದನು. ಆ ಮೇಲಿನ ನಿಶ್ಶಬ್ದದಲ್ಲಿ, ಹಿಂದುಗಡೆ ಪಾಯಸವು ಪಾತ್ರೆಯ ಕಂಠವನ್ನು ದಾಟಿ ಹಲಗೆಯ ಮೇಲೆ ನಿಧಾನವಾಗಿ ಹರಿಯುವ ಸದ್ದು ನನಗೆ ಕೇಳಿಸಿತೆಂದರೆ ನೀವು ನಂಬಬೇಕು.

ಗಾಡಿಯನ್ನು ನಾಲ್ಕು ಜನ ದಾರಿಹೋಕರ ಕೃಪೆಯಿಂದ ಸಿ.ಎಸ್.ಟಿ. ರಸ್ತೆಯವರೆಗೆ ತಳ್ಳಿದೆವು. ಮೋಟಾರಿನ ಹಳೆಯ ಬಿಡಿಭಾಗಗಳಿಗೂ ಗ್ಯಾರೇಜುಗಳಿಗೂ ಹೆಸರಾದ ಬೀದಿ ಅದು. ಆ ಮೂರಕ್ಷರಗಳನ್ನು ಕಂಡವರು ಈಗ, 1996ರಲ್ಲಿ ಹೆಸರು ಬದಲಾಯಿಸಿಕೊಂಡ ವಿಕ್ಟೋರಿಯಾ ಟರ್ಮಿನಸ್ಸನ್ನೇ ನೆನೆಯುತ್ತಾರೆ. ವಾಸ್ತವದಲ್ಲಿ ಅದು ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. ಟ್ರಾಂಬೆಯಿಂದ ಕುರ್ಲಾದ ಮೇಲೆ ಅಂಧೇರಿಗೆ 1928ರಲ್ಲಿ ಓಡತೊಡಗಿ, ಹುಟ್ಟಿದ ಆರೇ ವರ್ಷಕ್ಕೆ, 1934ರಲ್ಲಿ, ಕಣ್ಣು ಮುಚ್ಚಿದ ಒಂದು ರೈಲುದಾರಿ. ನಿಂತುಹೋದ ವಾಹನದ ಹೆಸರನ್ನು ಹೊತ್ತ ರಸ್ತೆಗೆ ನಿಂತುಹೋದ ವಾಹನಗಳೇ ಬಂದು ಸೇರುವುದು ನ್ಯಾಯವೇ ಆಗಿದೆ.

ಅಲ್ಲಿದ್ದ ಮಿಸ್ತ್ರಿ ವಯೋವೃದ್ಧ; ಕನ್ನಡಕದ ಒಂದು ಕಡ್ಡಿಯ ಸ್ಥಾನದಲ್ಲಿ ದಾರವನ್ನು ಕಟ್ಟಿಕೊಂಡಿದ್ದನು. ನಾನು ಹೇಳಿದ ವೃತ್ತಾಂತವನ್ನು ಅವನು ಕೇಳಿದಂತೆ ತೋರಲಿಲ್ಲ. ಮೊದಲು ಕಾಲಬಳಿಯ ರಬ್ಬರ್ ಹಾಸನ್ನು ಎತ್ತಿ ನೋಡಿದನು. ಎಷ್ಟೋ ಸಲ ಆ ಹಾಸೇ ಜಾರಿ ಹೋಗಿ ರೇಸನ್ನು ಹಿಡಿದುಕೊಂಡಿರುತ್ತದಂತೆ. ಅದು ನಿರಪರಾಧಿ. ಬಾನೆಟ್ಟನ್ನು ತೆರೆದು, ಕಾರ್ಬೊರೇಟರಿನ ಸನ್ನೆಗೋಲಿನಿಂದ ತಂತಿಯನ್ನು ಬಿಡಿಸಿ, ಸನ್ನೆಯನ್ನು ಬೆರಳಿನಿಂದ ಎಳೆದು ಬಿಟ್ಟನು. ಅದು ಸೋಮಾರಿಯಂತೆ, ಆದರೆ ಕೊನೆಯವರೆಗೂ, ಹಿಂದಿರುಗಿತು. ಅಂದಮೇಲೆ ಒಳಗಿನ ಚಿಟ್ಟೆಬಾಗಿಲು ಕೂಡ ನಿರಪರಾಧಿ. ಉಳಿದದ್ದು ತಂತಿ. ಕೊಳವೆಯೊಳಗಿನಿಂದ ಅದನ್ನು ಸೆಳೆದಾಗ ಅರ್ಧದಲ್ಲಿ ಹಿಡಿದು, ಒಮ್ಮೆ ಕಿರ್ರೆಂದು, ಕಪ್ಪಾಗಿ ಜಿನುಗುವ ಅಂಟಿನೊಡನೆ ಹೊರಬಿತ್ತು. ಮಿಸ್ತ್ರಿ ಅದನ್ನು ಮೂಗಿನ ಹತ್ತಿರ ಹಿಡಿದನು. ಆಶ್ಚರ್ಯದಿಂದ ಇನ್ನೊಮ್ಮೆ ಹಿಡಿದನು.

"ಖೋಬರೇಲ್?"

ಮಾವಯ್ಯ ಆಕಾಶವನ್ನು ನೋಡಿದನು. ಮಳೆ ನಿಲ್ಲುವ ಲಕ್ಷಣಗಳಿವೆಯೆ ಎಂದು ಪರೀಕ್ಷಿಸುವವನಂತೆ.

ಆಮೇಲೆ ನಮಗೆ ದೊರೆತದ್ದು ತೈಲಶಾಸ್ತ್ರದ ಒಂದು ಉಪನ್ಯಾಸ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟುವ ವಸ್ತು. ಜನವರಿಯ ಮುಂಜಾವಿನಲ್ಲಿ ಇಲ್ಲಿನ ಚಳಿಗೂ ಅದು ಬೆಣ್ಣೆಯಾಗುತ್ತದೆ. ಬೇಸಗೆಯಲ್ಲಿ ಕರಗಿ ಬೀದಿಯ ಧೂಳನ್ನೆಲ್ಲ ಆದರದಿಂದ ಬರಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ತುಕ್ಕಿನೊಡನೆ ಬೆರೆತು ಹಲ್ವ ಆಗುತ್ತದೆ. ಜೊತೆಗೆ, ಕೊಳವೆ ಬಾಗುವ ಕಡೆ ತಂತಿಯ ಎಳೆಗಳಲ್ಲೊಂದು, ಕೂದಲಿಗಿಂತ ಹೆಚ್ಚು ದಪ್ಪವಿಲ್ಲದ್ದು, ತುಂಡಾಗಿ ಮುಳ್ಳಿನಂತೆ ನಿಗುರಿ ನಿಂತಿತ್ತು. ಒತ್ತುವಾಗ ಅದು ಕಾಲಿನ ಬಲಕ್ಕೆ ಸೋತು ಮುಂದಕ್ಕೆ ಹೋಗುತ್ತದೆ. ಮರಳುವಾಗ ಸ್ಪ್ರಿಂಗಿನ ಬಲ ಸಾಲದೆ ಕೊಳವೆಯ ಗೋಡೆಗೆ ನಾಟಿಕೊಳ್ಳುತ್ತದೆ. ಹೋಗುವುದಕ್ಕೆ ಮನುಷ್ಯನಿದ್ದಾನೆ, ಬರುವುದಕ್ಕೆ ಸ್ಪ್ರಿಂಗೊಂದೇ ಗತಿ ಎಂಬ ಅರ್ಥದ ಮಾತನ್ನು ಅವನು ಯಾವ ತತ್ತ್ವಜ್ಞಾನವೂ ಇಲ್ಲದೆ, ಬೀಡಿ ಹಚ್ಚುತ್ತ ಹೇಳಿದನು.

ಹೊಸ ತಂತಿಯನ್ನೂ ಸ್ಪ್ರಿಂಗನ್ನೂ ತರಲು ಹುಡುಗ ಓಡಿದ. ಮಿಸ್ತ್ರಿ ಕಾರ್ಬೊರೇಟರಿನ ಕೀಲುಗಳನ್ನು ಘಾಸಲೇಟಿನಲ್ಲಿ ತೊಳೆಯತೊಡಗಿದನು. ಅವನ ದೃಷ್ಟಿ ಪಟದ ಮೇಲೆ ಬಿತ್ತು. "ಯೇ ಸೇಠ್ ಕೌನ್?"

ಪೇಟ, ಕೋಟು, ಆ ನೆಟ್ಟನೋಟ. ಸೇಠರೆಂದರೆ ಮಾವಯ್ಯ ಸಹಿಸುವುದುಂಟೆ? ತಪ್ಪಿತಸ್ಥನ ಸ್ಥಾನದಿಂದ ಒಮ್ಮೆಲೇ ವಕೀಲನ ಸ್ಥಾನಕ್ಕೆ ಏರಿ, ಬೊಂಬಾಯಿ ಹಿಂದಿಯಲ್ಲಿ ಅವನು ಆರಂಭಿಸಿದ ಪ್ರವಚನವನ್ನು ನಾನು ಇಲ್ಲಿ ಸಂಗ್ರಹಿಸುತ್ತೇನೆ. ಈ ರಸ್ತೆಗೆ ಕೂಗಳತೆಯಲ್ಲಿರುವ ಪ್ರೀಮಿಯರ್ ಕಾರ್ಖಾನೆಯಿದೆಯಷ್ಟೆ, ಟ್ಯಾಕ್ಸಿಗಳೆಲ್ಲ ಹುಟ್ಟಿಬರುವ ಕಾರ್ಖಾನೆ, ಅದನ್ನು ಮೊಟ್ಟಮೊದಲು ಮನಸ್ಸಿನಲ್ಲಿ ಕಟ್ಟಿದವರು ಇವರು. 1935ರಲ್ಲಿ, ವಯಸ್ಸು ಎಪ್ಪತ್ತನ್ನು ಮೀರಿದ ಮೇಲೆ, ಸ್ವದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂಬ ಛಲದಿಂದ ಯೂರೋಪು ಅಮೆರಿಕಗಳನ್ನು ಸುತ್ತಿ, ಡೆಟ್ರಾಯಿಟ್ಟನ್ನು ಕಂಡು ಬಂದು, ಯೋಜನೆಯನ್ನು ಬರೆದರು. ಬೊಂಬಾಯಿಯ ಕಾಂಗ್ರೆಸ್ ಮಂತ್ರಿಮಂಡಲ ಒಲವು ತೋರಿತು. 1939ರಲ್ಲಿ ಯುದ್ಧ ಬಂದು ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಮೈಸೂರಿನಲ್ಲಾದರೂ ಆಗಲಿ ಎಂದರೆ ದೆಹಲಿಯ ದೊರೆಗಳು ಒಪ್ಪಲಿಲ್ಲ. ಯೋಜನೆಯ ಜೊತೆಗಾರರಾಗಿದ್ದ ವಾಲ್‌ಚಂದ್ ಹೀರಾಚಂದರು ಅದೇ ಬೆಂಗಳೂರಿನಲ್ಲಿ 1940ರಲ್ಲಿ ವಿಮಾನದ ಕಾರ್ಖಾನೆಯನ್ನೇ ತೆರೆದರು. ಮೋಟಾರಿಗೆ ಮಾತ್ರ 1944ರವರೆಗೆ ಕಾಯಬೇಕಾಯಿತು. ಕ್ರೈಸ್ಲರಿನವರ ಸಹಕಾರದಿಂದ ಕುರ್ಲಾದಲ್ಲಿ ಮೊದಲ ಗಾಡಿಗಳು ಹೊರಬಿದ್ದದ್ದು 1947ರಲ್ಲಿ. ಆದಕಾರಣ, ಮಾವಯ್ಯನ ಸಿದ್ಧಾಂತದ ಪ್ರಕಾರ, ಕುರ್ಲಾದಿಂದ ಹೊರಟ ಪ್ರತಿಯೊಂದು ಡಾಡ್ಜೂ ಪ್ರತಿಯೊಂದು ಫಿಯಟ್ಟೂ ಧರ್ಮತಃ ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯ ಆಸ್ತಿ.

ಇತಿಹಾಸದ ತಕ್ಕಡಿಯಲ್ಲಿ ಮಾವಯ್ಯ ಎಲ್ಲಿ ಹೆಬ್ಬೆರಳು ಒತ್ತಿದನೆಂಬುದು ನನಗೆ ಆಗಲೂ ತಿಳಿದಿತ್ತು. ವಾಲ್‌ಚಂದರ ಸಾಹಸ ಅವನ ಕಥನದಲ್ಲಿ ಗುಮಾಸ್ತೆಯ ಕೆಲಸವಾಗಿ ಇಳಿದುಹೋಗಿತ್ತು. ಆದರೆ ನಾನು ತಿದ್ದಲಿಲ್ಲ, ಏಕೆಂದರೆ ಮಿಸ್ತ್ರಿಯೂ ಮೋಟಾರಿನ ಕಥೆಗೆ ಅಷ್ಟೇನೂ ಮರುಳಾಗದೆ, "ಇವರು ಸ್ವಂತ ಕೈಯಿಂದ ಏನು ಮಾಡಿದರು?" ಎಂಬ, ಮಿಸ್ತ್ರಿಗಳಷ್ಟೇ ಕೇಳಬಲ್ಲ ಪ್ರಶ್ನೆಯನ್ನು ಕೇಳಿದ್ದನು.

ಮಾವಯ್ಯ ಖಡಕವಾಸಲೆಗೆ ಹೋದನು. ಪುಣೆಯ ಹತ್ತಿರದ ಆ ಜಲಾಶಯಕ್ಕೆ 1903ರಲ್ಲಿ ವಿಶ್ವೇಶ್ವರಯ್ಯನವರು ರಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು, ಪಾಯಸದ ಸೌಟನ್ನೂ ಹುಳಿಯ ಪಾತ್ರೆಯ ಮುಚ್ಚಳವನ್ನೂ ಬಳಸಿಕೊಂಡು ಬಣ್ಣಿಸಿದನು. ಪ್ರವಾಹ ಬಂದು ನೀರು ಗುರುತನ್ನು ದಾಟಿತೋ, ಬಾಗಿಲು ತಾನಾಗಿ ತೆರೆಯಿತು: ಮುಚ್ಚಳ ಮೇಲಕ್ಕೆ. ಕಾವಲುಗಾರ ಬೇಡ, ಚಕ್ರ ತಿರುಗಿಸುವವನು ಬೇಡ. ಮಿಸ್ತ್ರಿ ಕೈಯಲ್ಲಿದ್ದ ಪಾನಾವನ್ನು ಕೆಳಗಿಟ್ಟನು.

"ಔರ್ ಪಾನೀ ಉತರಾ ತೋ?" ನೀರು ಇಳಿದಾಗ?

"ಅಪನೇ ಆಪ್ ಬಂದ್." ಮುಚ್ಚಳ ಕೆಳಕ್ಕೆ.

ಮಿಸ್ತ್ರಿ ಪಟವನ್ನು ಇನ್ನೊಮ್ಮೆ, ಈ ಸಲ ದಾರದ ಕನ್ನಡಕವನ್ನು ಸರಿಪಡಿಸಿಕೊಂಡು, ದೀರ್ಘವಾಗಿ ನೋಡಿದನು. "ತೋ ಸ್ಪ್ರಿಂಗ್ ಅಚ್ಛಾ ಥಾ" ಎಂದನು.

ಸ್ಪ್ರಿಂಗಲ್ಲ, ಎಲ್ಲವನ್ನೂ ನೀರೇ ಮಾಡುತ್ತಿತ್ತು ಎಂದು ಮಾವಯ್ಯ ಪ್ರತಿಭಟಿಸಿದ್ದು ವ್ಯರ್ಥವಾಯಿತು. ತೆರೆಯುವುದನ್ನು ಯಾರಾದರೂ ಮಾಡುತ್ತಾರೆ. ತಾನಾಗಿ ಮುಚ್ಚಿಕೊಳ್ಳುವುದನ್ನು ಮಾಡಿದವನು ದೊಡ್ಡ ಮಿಸ್ತ್ರಿ. ವಿಶ್ವೇಶ್ವರಯ್ಯನವರಿಗೆ ಸಂದ ಬಿರುದುಗಳನ್ನು ನಾನು ಬಲ್ಲೆ. ಭಾರತರತ್ನವನ್ನು ಬಿಟ್ಟರೆ ಸಿ.ಎಸ್.ಟಿ. ರಸ್ತೆಯ ಈ ಪ್ರಶಸ್ತಿಯೇ ನನಗೆ ಹಿರಿದಾಗಿ ಕಾಣುತ್ತದೆ.

ಹೊಸ ತಂತಿ ಬಂತು. ಅದನ್ನು ಎಲ್ಲಿಯೂ ಇಕ್ಕಟ್ಟಾಗಿ ಬಾಗಿಸದೆ ದೊಡ್ಡ ಸುತ್ತಿನಲ್ಲಿ ಸಾಗಿಸಿ, ತುದಿಯಲ್ಲಿ ಚೂರು ಸಡಿಲವನ್ನು ಉಳಿಸಿ, ಹೊಸ ಸ್ಪ್ರಿಂಗನ್ನು ಸಿಕ್ಕಿಸಿ, ಎಂಜಿನ್ನನ್ನು ಎಬ್ಬಿಸುವ ಮೊದಲೇ ನನ್ನಿಂದ ರೇಸನ್ನು ಹತ್ತು ಸಲ ನೆಲದವರೆಗೆ ಒತ್ತಿಸಿ ಹತ್ತು ಸಲ ಬಿಡಿಸಿದನು. ಹತ್ತು ಸಲವೂ ಅದು ಟಪ್ಪೆಂದು ಮೇಲೆ ಬಂತು. ಮಾಹಿಮನ್ನು ಮುಟ್ಟುವಾಗ ಭಾಷಣಗಳು ಮುಗಿದಿದ್ದವು. ಪಟವಿಲ್ಲದ್ದರಿಂದ ಗೋಡೆಗೆ ತಗುಲಿಹಾಕಿದ್ದ ಹಾರ ಬಾಡತೊಡಗಿತ್ತು. ಪಾಯಸ ಕೊನೆಯ ಪಂಕ್ತಿಗೆ ಸಾಲಲಿಲ್ಲ.

ಗಾಡಿಯ ಹಳೆಯ ಸ್ಪ್ರಿಂಗನ್ನು ಮಾವಯ್ಯ ಎಸೆಯಲಿಲ್ಲ. ಊಟದ ಮನೆಗೂ ಅಡಿಗೆಮನೆಗೂ ನಡುವಿನ ಅರ್ಧಬಾಗಿಲಿಗೆ ಅದನ್ನು ಮೊಳೆ ಹೊಡೆದು ಸಿಕ್ಕಿಸಿದನು. ಎಂಜಿನ್ನಿಗೆ ಸಾಲದ ಬಲ ಬಾಗಿಲಿಗೆ ಧಾರಾಳವಾಯಿತು. ತಟ್ಟೆಗಳನ್ನು ಹೊತ್ತ ಹುಡುಗರು ಮೊಣಕೈಯಿಂದ ತಳ್ಳಿ ಹೋದರೆ ಅದು ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. "ಖಡಕವಾಸಲೆ" ಎಂದೇ ಅದಕ್ಕೆ ಹೆಸರಾಯಿತು. ಬರುವ ದೀಪಾವಳಿಗೆ ಊರಿಗೆ ಹೋಗಿ ನೆಲೆಸುತ್ತೇನೆ ಎಂದು ಮಾವಯ್ಯ ಪ್ರತಿವರ್ಷವೂ ಆ ಬಾಗಿಲಿನ ಬಳಿಯೇ ನಿಂತು ಹೇಳುತ್ತಿದ್ದನು. ಊರಿನಿಂದ ಎಣ್ಣೆಯ ಡಬ್ಬಿ ಬರುತ್ತಿತ್ತೇ ಹೊರತು ಅವನು ಹೋಗಲಿಲ್ಲ. ಕುರ್ಲಾದ ಕಾರ್ಖಾನೆಯೂ ನಿಂತಿತು. 2003ರ ಅಕ್ಟೋಬರಿನಲ್ಲಿ ತಾಡದೇವಿನ ಕಚೇರಿಯಲ್ಲಿ ನೋಂದಣಿಯಾದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ, ತನ್ನ ಇಪ್ಪತ್ತು ವರ್ಷಗಳ ಆಯುಸ್ಸನ್ನು ಮುಗಿಸಿ 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಇಳಿಯಿತು. ಅದನ್ನು ಪತ್ರಿಕೆಯಲ್ಲಿ ಓದುವುದಕ್ಕೆ ಮಾವಯ್ಯ ಇರಲಿಲ್ಲ.

ಇಷ್ಟು ಹೊತ್ತಿಗೆ ಕೆಳಗಿನ ಘೀಳು ನಿಂತಿತ್ತು. ಇಳಿದು ಹೋಗಿ ನೋಡಿದರೆ, ಹುಡುಗ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡು, ತೆರೆದ ಸೀಟಿನಡಿಯ ಎಂಜಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಾನೆ. ತಂತಿಯನ್ನು ಬಿಚ್ಚಿ ನೋಡು, ಬಾಗಿದ ಕಡೆಯಲ್ಲಿ ಎಳೆ ತುಂಡಾಗಿದೆಯೇನೋ ಎಂದು ನಾನು ಅಪ್ಪಣೆ ಕೊಟ್ಟದ್ದನ್ನು, ಈ ಮುದುಕನಿಗೆ ಇದೆಲ್ಲ ಹೇಗೆ ಗೊತ್ತು ಎಂಬ ಬೆರಗಿನಿಂದ ಕೇಳಿ, ಅವನು ವಿನಯವಾಗಿ ಕೇಳಿದ:

"ಅಂಕಲ್, ಘರ್ ಮೇಂ ಥೋಡಾ ತೇಲ್ ಹೋಗಾ?"

ಮನೆಯಲ್ಲಿ, ಮೊನ್ನೆಯಷ್ಟೇ ಕುಂದಾಪುರದಿಂದ ಬಂದ ಐದು ಲೀಟರಿನ ಡಬ್ಬಿಯಿತ್ತು. ಮುಚ್ಚಳವನ್ನು ಇನ್ನೂ ತೆರೆದಿರಲಿಲ್ಲ.

ಇಲ್ಲವೆಂದು ಹೇಳಿ ಮೆಟ್ಟಿಲು ಹತ್ತಿದೆ.