ಕೌದಿಯ ಒಳಪದರ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಗೆ ಸುಲಭವಾಗಿ ಮುಕ್ತಿಯಿಲ್ಲ. ಉಟ್ಟು ಜೀರ್ಣವಾದ ಇಳಕಲ್ ಸೀರೆ, ಅಂಚು ಹರಿದ ಧೋತರ, ಮಕ್ಕಳ ಮೈಗೆ ಸಾಲದಾದ ಅಂಗಿ ಇವೆಲ್ಲ ಪದರಪದರವಾಗಿ ಕೂಡಿ, ಸೂಜಿಯ ಒತ್ತು ಸಾಲುಗಳಲ್ಲಿ ಬಿಗಿದು ಕೌದಿಯಾಗುತ್ತವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರ ಹೊಲಿಗೆಯಾದರೋ ಅಂಚಿನಿಂದ ಆರಂಭವಾಗಿ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ 'ಫೂಲ' ಇಲ್ಲದಿದ್ದರೆ ಅವರ ಕಣ್ಣಿಗೆ ಅದು ಅಪೂರ್ಣ. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು. ಬಂಗಾಳದ ಕವಿ ಜಸೀಮುದ್ದೀನರ 1929ರ ಕಾವ್ಯದಲ್ಲಿ ನಾಯಕಿ ತನ್ನ ಬಾಳಿನ ಕಥೆಯನ್ನು ಕಾಂಥಾದ ಮೇಲೆ ಕಸೂತಿಯಾಗಿ ಹೊಲಿಯುತ್ತಾಳೆ. ಕೌದಿಗೆ ಅಂತಹ ಚಿತ್ರಗಳ ಅಗತ್ಯ ಕಡಿಮೆ. ಯಾರ ಬಟ್ಟೆ ಯಾವುದೆಂದು ಬಲ್ಲವರಿಗೆ ಅರಿವೆಯೇ ಕಥೆ.

ಚಳಿಯೆಂಬುದು ಹೆಸರಿಗಷ್ಟೇ ಇರುವ ಚೆನ್ನೈನ ನುಂಗಂಬಾಕ್ಕಂನಲ್ಲಿ ಇಬ್ಬರು ಕನ್ನಡ ಗೃಹಿಣಿಯರು ಕೌದಿಗೆ ಕೈಹಚ್ಚಿದ್ದು ಮೇಲ್ನೋಟಕ್ಕೆ ವಿಚಿತ್ರವೇ ಸರಿ. ಒಬ್ಬರ ತವರು ಧಾರವಾಡದ ಸೀಮೆ, ಇನ್ನೊಬ್ಬರದು ಕಾಸರಗೋಡಿನ ಕಡೆ. ಕೆರೆ ಅಳಿದು 'ಲೇಕ್ ಏರಿಯಾ' ಎಂಬ ಹೆಸರು ಮಾತ್ರ ಉಳಿದ ಆ ನೆಲದಲ್ಲಿ ವಳ್ಳುವರ್ ಕೋಟ್ಟಂನ ಕಲ್ಲಿನ ತೇರು ಮೇಲೇಳುತ್ತಿದ್ದ 1970ರ ದಶಕದಲ್ಲಿ ಇಬ್ಬರೂ ಮದುವೆಯಾಗಿ ಮದರಾಸಿಗೆ ಬಂದವರು. ಒಬ್ಬರ 'ಹೌದ್ರಿ' ಇನ್ನೊಬ್ಬರಿಗೆ ನಗೆ. ಇವರ 'ಉಂಟು ಮಾರಾಯ್ತಿ' ಅವರಿಗೆ ಸೋಜಿಗ. ತಮಿಳಿನ ನಡುವೆ ಕೇಳಿಬಂದ ಆ ಎರಡು ಕನ್ನಡಗಳು ನಾಲ್ಕು ದಶಕ ಒಂದೇ ಬೀದಿಯಲ್ಲಿ ಬಾಳಿದವು.

ಕಾಸರಗೋಡಿನ ಗೆಳತಿಯ ಪತಿ ತೀರಿಕೊಂಡಾಗ ಕಪಾಟಿನಲ್ಲಿ ಅವರ ಬಿಳಿಯ ಪಂಚೆಗಳ ಅಟ್ಟಿ ಉಳಿಯಿತು. ದಾನ ಕೊಟ್ಟುಬಿಡಿ ಎಂದರು ಮಕ್ಕಳು. ಕೊಡಲು ಮನಸ್ಸಿಲ್ಲ, ದಿನವೂ ನೋಡಲು ಧೈರ್ಯವಿಲ್ಲ. ಆಕೆ ಕಪಾಟನ್ನು ತೆರೆಯುವುದನ್ನೇ ಬಿಟ್ಟರು. ಆಗ ಧಾರವಾಡದವರು ಕೌದಿಯ ಮಾತೆತ್ತಿದರು. ಆದರೆ ಕತ್ತರಿ ಕೈಗೆ ಬಂದರೂ ಪಂಚೆಯ ಮೇಲೆ ಇಳಿಯಲೊಲ್ಲದು. ವಾರ ಕಳೆಯಿತು. ಒಂದು ಮಧ್ಯಾಹ್ನ ಧಾರವಾಡದವರು ತಮ್ಮ ಟ್ರಂಕಿನಿಂದ ತಾಯಿಯ ಇಳಕಲ್ ಸೀರೆಯನ್ನು ತಂದು, ಒಂದು ಮಾತೂ ಆಡದೆ, ಅದರ ಕೆಂಪು ಸೆರಗನ್ನು ತಾವೇ ಮೊದಲು ಕತ್ತರಿಸಿದರು. ತಾಯಿಯದೆಂದು ಅವರ ಬಳಿ ಉಳಿದಿದ್ದುದು ಅದೊಂದೇ ಸೀರೆ. ಅದಾದ ಮೇಲೆ ಪಂಚೆಗಳನ್ನು ಕತ್ತರಿಸುವುದು ಸಾಧ್ಯವಾಯಿತು. ಸಾಂತ್ವನದ ಮಾತುಗಳು ದುಃಖವನ್ನು ಹೊರಗಿನಿಂದ ಮುಟ್ಟುತ್ತವೆ. ಈ ಕೃತ್ಯ ತನ್ನದೊಂದು ನಷ್ಟವನ್ನು ಅದರ ಪಕ್ಕದಲ್ಲಿ ತಂದಿರಿಸಿತು.

ಪಂಚೆಗಳು ಒಳಪದರವಾದವು, ಇಳಕಲ್ ಮೇಲುಹೊದಿಕೆಯಾಯಿತು. ಎದುರುಬದುರು ಕುಳಿತು ಇಬ್ಬರೂ ತಿಂಗಳುಗಟ್ಟಲೆ ಹೊಲಿದರು. ಒಬ್ಬರ ಸಾಲು ಗೆರೆ ಎಳೆದಂತೆ ನೇರ, ಹೊಸದಾಗಿ ಕಲಿತವರದು ಗದ್ದೆಯ ಬದುವಿನಂತೆ ಡೊಂಕು. ಬಿಚ್ಚಿ ಹೊಲಿಯುತ್ತೇನೆಂದು ಹೊರಟವರನ್ನು ಧಾರವಾಡದವರು ತಡೆದರು: "ಇರಲಿ ಬಿಡ್ರಿ, ಅದು ನಿಮ್ಮ ಅಕ್ಷರ."

ಮುಂದೆ ಧಾರವಾಡದವರು ಮಗಳೊಡನೆ ಇರಲು ಊರಿಗೆ ಮರಳಬೇಕಾಯಿತು. ಕೌದಿ ಯಾರದೆಂಬ ಪ್ರಶ್ನೆ ಎದ್ದಾಗ ಕಾಸರಗೋಡಿನವರು ವಾದಕ್ಕೆ ಎಡೆಗೊಡಲಿಲ್ಲ. ಚಳಿಯಿರುವುದು ಅಲ್ಲಿ, ಹೊದೆಯುವವರಿಗೆ ಅದು ಸಲ್ಲಬೇಕು ಎಂದುಬಿಟ್ಟರು. ಹೀಗೆ ಎಂದೂ ಧಾರವಾಡ ಕಾಣದ ಒಬ್ಬರ ಪಂಚೆಗಳು ಅಲ್ಲಿನ ಜಡಿಮಳೆಯ ಇರುಳುಗಳಲ್ಲಿ ಬೆಚ್ಚಗಾದವು.

ಮೇಲುಬಟ್ಟೆ ಸವೆದ ಕೌದಿಯನ್ನು ಯಾರೂ ಎಸೆಯುವುದಿಲ್ಲ. ಅದರ ಮೇಲೆ ಹೊಸ ಅರಿವೆ ಹಾಸಿ ಮತ್ತೆ ಹೊಲಿಯುತ್ತಾರೆ. ಮೂರು ಮಳೆಗಾಲಗಳ ಬಳಿಕ ಧಾರವಾಡದವರು ಅದನ್ನು ಹೊತ್ತು ನುಂಗಂಬಾಕ್ಕಂಗೆ ಬಂದರು. ಇಳಕಲ್ ಅಲ್ಲಲ್ಲಿ ನವೆದು ಬಿಳುಪು ಇಣುಕುತ್ತಿತ್ತು. ಕಾಸರಗೋಡಿನವರು ಈ ಸಲ ತಡಮಾಡಲಿಲ್ಲ. ತಮ್ಮ ಸೀರೆಯೊಂದನ್ನು ತಂದು ನೆಲದ ಮೇಲೆ ಹರವಿ, ಕತ್ತರಿಯನ್ನು ತಾವೇ ಕೈಗೆತ್ತಿಕೊಂಡರು.